‘ಮೋಟಮ್ಮ ಏನು ಮಾಡಿದರು?’ ಅಂತ ಕೇಳುವವರಿಗೆ

ನಮ್ಮೂರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆ ಅಂದ ತಕ್ಷಣ ಶಿವಮೊಗ್ಗದಲ್ಲಿ ಗೆಳೆಯರು ಕೇಳುವ ಪ್ರಶ್ನೆ ಒಂದೇ. ‘ನಿಮ್ಮ ಮೋಟಮ್ಮ ಅಷ್ಟು ವರ್ಷ ರಾಜಕೀಯದಲ್ಲಿದ್ರಲ್ಲ, ಏನ್ ಮಾಡಿದ್ರು?’ ಮೋಟಮ್ಮ ಅಂದರೆ ನಮ್ಮ ಮೂಡಿಗೆರೆಯ ಹಿಂದಿನ ಕಾಂಗ್ರೆಸ್ ಶಾಸಕಿ, ಸಚಿವೆಯೂ ಆಗಿದ್ದವರು. ಗಂಡಸು ಶಾಸಕರ ಬಗ್ಗೆ ಹೀಗೆ ಕೇಳುವುದು ಕಡಿಮೆ. ಅವರ ವಿಷಯ ಬಂದರೆ ಯಾರ ಕಡೆಯವರು, ಎಷ್ಟು ಖರ್ಚು ಮಾಡಿದರು ಅನ್ನುವುದೇ ಮಾತು. ಇರಲಿ.

ರಸ್ತೆ, ಸೇತುವೆ ಲೆಕ್ಕ ನಾನು ಕೊಡಲ್ಲ. ನನ್ನ ಉತ್ತರ ನಮ್ಮಮ್ಮನ ಸಂಘದ ಪುಸ್ತಕದಲ್ಲಿದೆ.

1978 ಅಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಾಗುವುದು ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದದ್ದು. ಅದೇ ವರ್ಷ ಮೂಡಿಗೆರೆ ಮೀಸಲು ಕ್ಷೇತ್ರದಿಂದ ದಲಿತ ಕುಟುಂಬದ ಹೆಣ್ಣುಮಗಳೊಬ್ಬಳು ವಿಧಾನಸಭೆಗೆ ಹೋದದ್ದು ಎಷ್ಟು ಜನಕ್ಕೆ ನೆನಪಿದೆ? ಮೋಟಮ್ಮ ಮತ್ತೆ ಗೆದ್ದದ್ದು 1989ರಲ್ಲಿ, ಆಮೇಲೆ 1999ರಲ್ಲಿ. ಮಧ್ಯೆ ಮಧ್ಯೆ ಸೋಲು. ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾದರು. ಹೆಂಗಸು ಮಂತ್ರಿಯಾದರೆ ಆ ಖಾತೆಯೇ ಸಿಗುವುದು, ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಹೆಂಗಸರು ಸೇರಿ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸ್ತ್ರೀಶಕ್ತಿ ಸಂಘಗಳು ಶುರುವಾದದ್ದು ಅವರ ಕಾಲದಲ್ಲೇ, 2000-01ರಲ್ಲಿ.

ನಮ್ಮಮ್ಮ ಕಾಫಿ ತೋಟದ ಕೆಲಸದವಳು. ಸಂಘ ಬರುವ ಮೊದಲು, ಜೂನಲ್ಲಿ ಸ್ಕೂಲು ಶುರುವಾಗುವಾಗ ನನ್ನ ಪುಸ್ತಕ, ಛತ್ರಿಗೆ ಅಂತ ತೋಟದ ಲೆಕ್ಕ ನೋಡುವ ರೈಟರ ಹತ್ತಿರ ಮುಂಗಡ ಕೇಳಿ ನಿಲ್ಲಬೇಕಿತ್ತು. ಮುಂಗಡ ತಗೊಂಡ ಮೇಲೆ ಪಕ್ಕದ ತೋಟದಲ್ಲಿ ಕೂಲಿ ಜಾಸ್ತಿ ಕೊಡುತ್ತೇವೆ ಅಂದರೂ ಹೋಗುವಂತಿಲ್ಲ, ಸಾಲ ತೀರುವ ತನಕ ಅಲ್ಲೇ. ಸಂಘ ಆದ ಮೇಲೆ ಅಂಗನವಾಡಿಯಲ್ಲಿ ವಾರಕ್ಕೊಮ್ಮೆ ಇಪ್ಪತ್ತು ಜನ ಸೇರುತ್ತಿದ್ದರು. ತಲೆಗೆ ಹತ್ತು ರೂಪಾಯಿ ಉಳಿತಾಯ. ಸರ್ಕಾರ ಪ್ರತಿ ಸಂಘಕ್ಕೆ 5,000 ರೂಪಾಯಿ ಸುತ್ತುನಿಧಿ (ಸಾಲ ಕೊಟ್ಟು, ವಾಪಸ್ ಬಂದದ್ದನ್ನು ಮತ್ತೆ ಸಾಲ ಕೊಡುವ ದುಡ್ಡು) ಕೊಟ್ಟಿತು, ಬ್ಯಾಂಕಿನಲ್ಲಿ ಸಂಘದ ಹೆಸರಲ್ಲೇ ಖಾತೆ ಆಯಿತು. ಸಾಲ ಬೇಕಾದವರು ಸಭೆಯಲ್ಲಿ ಬಾಯಿಬಿಟ್ಟು ಕೇಳಬೇಕು, ಉಳಿದವರು ಹೂಂ ಅನ್ನಬೇಕು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅಮ್ಮ ಮೊದಲ ಸಲ ಸಾಲ ತಗೊಂಡು ರೈಟರ ಮುಂಗಡ ತೀರಿಸಿದಳು, ಮುಂದಿನ ಸೀಸನ್‌ಗೆ ಬೇರೆ ತೋಟಕ್ಕೆ ಹೋದಳು. ಅಷ್ಟೇ ವಿಷಯ. ನನಗೆ ಇದು ಸೇತುವೆಗಿಂತ ದೊಡ್ಡದು.

ಹಾಗಂತ ಎಲ್ಲ ಮೋಟಮ್ಮನವರದ್ದೇ ಸಾಧನೆ ಅನ್ನಲ್ಲ. ಸಂಘ ಕಟ್ಟಿದ್ದು, ಲೆಕ್ಕ ಬರೆಯಲು ಕಲಿಸಿದ್ದು ಅಂಗನವಾಡಿ ಟೀಚರುಗಳು, ಅದೂ ಆ ಪುಡಿಗಾಸಿನ ಗೌರವಧನದಲ್ಲಿ. ಎಷ್ಟೋ ಸಂಘಗಳು ಜಗಳದಲ್ಲಿ ಮುರಿದುಹೋದವು. ಇನ್ನೆಷ್ಟೋ ಸಂಘದವರನ್ನು ಪಕ್ಷಗಳು ಸಮಾವೇಶಕ್ಕೆ ಬಸ್ಸಲ್ಲಿ ತುಂಬಿಕೊಂಡು ಹೋಗುವುದಕ್ಕೇ ಬಳಸಿಕೊಂಡವು.

ಮೋಟಮ್ಮ ಆಮೇಲೆ ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯೂ ಆದರು. 2018ರಲ್ಲಿ ಮತ್ತೆ ಮೂಡಿಗೆರೆಯಲ್ಲಿ ನಿಂತು ಸೋತರು. 2023ರಲ್ಲಿ ಮಗಳು ನಯನಾ ಮೋಟಮ್ಮ ಕಾಂಗ್ರೆಸ್‌ನಿಂದಲೇ ನಿಂತು ಬರೀ 722 ಮತಗಳಿಂದ ಗೆದ್ದರು. ಹಿಂದಿನ ಬಿಜೆಪಿ ಶಾಸಕರು ಟಿಕೆಟ್ ಸಿಗದೆ ಜೆಡಿಎಸ್‌ಗೆ ಹೋಗಿ ನಿಂತು ಮತ ಒಡೆದದ್ದೂ ಇದಕ್ಕೆ ಒಂದು ಕಾರಣ ಅಂತ ನನ್ನ ಲೆಕ್ಕ. ಕುಟುಂಬ ರಾಜಕಾರಣ ಅಲ್ವಾ ಅಂತೀರಾ? ಹೌದು, ಕುಟುಂಬ ರಾಜಕಾರಣವೇ. ಆದರೆ ಆ ಮಾತು ಇಲ್ಲಿಂದಲೇ ಯಾಕೆ ಶುರುವಾಗುತ್ತೆ?

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಕೇಳಲ್ಲ. 2023ರಲ್ಲಿ 224 ಕ್ಷೇತ್ರಗಳಿಂದ ಗೆದ್ದ ಹೆಂಗಸರು ಹತ್ತೇ ಜನ. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರಿ ಇಬ್ಬರು: ಮೂಡಿಗೆರೆಯ ನಯನಾ, ಶಿವಮೊಗ್ಗ ಗ್ರಾಮಾಂತರದ ಶಾರದಾ ಪೂರ್ಯಾನಾಯ್ಕ. ಶಾರದಾ 2013ರಲ್ಲಿ ಗೆದ್ದು, 2018ರಲ್ಲಿ ಸೋತು, ಮತ್ತೆ ಬಂದವರು. ಎರಡೂ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು! ದೊಡ್ಡ ಜಮೀನು, ದೊಡ್ಡ ಮನೆತನ, ಓದು ಎಲ್ಲ ಇರುವ ಜಾತಿಗಳ ಗಂಡಸರು ನಿಲ್ಲುವ ಇಲ್ಲಿನ ಸಾಮಾನ್ಯ ಕ್ಷೇತ್ರಗಳಿಂದ ಒಬ್ಬಳೂ ಇಲ್ಲ. ಭದ್ರಾವತಿಯಲ್ಲಿ ಶಾರದಾ ಅಪ್ಪಾಜಿ ಜೆಡಿಎಸ್‌ನಿಂದ ನಿಂತು ಕಡಿಮೆ ಅಂತರದಲ್ಲಿ ಸೋತರು, ಅವರ ಪತಿ ಅಲ್ಲಿ ಶಾಸಕರಾಗಿದ್ದವರು. ಲೋಕಸಭೆಗೆ ಶಿವಮೊಗ್ಗದಿಂದ 2014ರಲ್ಲೂ 2024ರಲ್ಲೂ ನಿಂತು ಸೋತ ಗೀತಾ ಶಿವರಾಜ್‌ಕುಮಾರ್ ಬಂಗಾರಪ್ಪನವರ ಮಗಳು. ಅಂದರೆ ಸಾಮಾನ್ಯ ಕ್ಷೇತ್ರದಲ್ಲಿ ಹೆಂಗಸಿಗೆ ಟಿಕೆಟ್ ಸಿಗಬೇಕಾದರೆ ಹೆಚ್ಚಾಗಿ ಮನೆಯಲ್ಲೊಬ್ಬ ನಾಯಕ ಇದ್ದಿರಬೇಕು.

ಶಾಸನಸಭೆಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ ಅಂತ 2023ರಲ್ಲಿ ಕಾನೂನು ಆಗಿದೆ, ಆದರೆ ಜಾರಿಗೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಗಬೇಕು. ಬಂದಾಗ ಮೊದಲು ಹೆಂಡತಿ, ಸೊಸೆಯರನ್ನೇ ನಿಲ್ಲಿಸುತ್ತಾರೆ ಅಂತ ನನ್ನ ಅಂದಾಜು. ನಮ್ಮ ಪಂಚಾಯ್ತಿಯಲ್ಲೂ ಹಾಗೇ ಆಗಿತ್ತು. ಅಮ್ಮನ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದ ಅಕ್ಕ ಸದಸ್ಯೆಯಾದಾಗ ಮೊದಮೊದಲು ಮೀಟಿಂಗಿಗೆ ಬಂದು ಕೂರುತ್ತಿದ್ದದ್ದು ಅವಳ ಗಂಡ. ಒಂದು ದಿನ ಬಿಲ್ಲಿನಲ್ಲಿ ಕೂಡುವ ಲೆಕ್ಕ ತಪ್ಪಿದ್ದನ್ನು ಅವಳು ಹಿಡಿದಳು, ಅವನಿಗೆ ಗೊತ್ತಾಗಿರಲಿಲ್ಲ. ಆಮೇಲೆ ಅವನು ಬೈಕಲ್ಲಿ ತಂದು ಬಿಟ್ಟು ವಾಪಸ್ ಹೋಗುತ್ತಿದ್ದ.