ಇಂಗ್ಲಿಷ್‌ನ ‘ರೂಫ್’ ನುಡಿಗಟ್ಟುಗಳು: ಯಾವುದನ್ನು ಎಲ್ಲಿ ಬಳಸಬೇಕು?

ರೂಫ್ ಇರುವ ಇಂಗ್ಲಿಷ್ ನುಡಿಗಟ್ಟುಗಳಲ್ಲಿ ನಾವು ಎಡವುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. ‘ಹಿಟ್ ದ ರೂಫ್’ ಅಂದರೆ ಕೆಂಡಾಮಂಡಲವಾಗುವುದು. ‘ರೇಸ್ ದ ರೂಫ್’ ಅಂದರೆ ಚಪ್ಪಾಳೆ, ಶಿಳ್ಳೆ, ಕೇಕೆಗಳಿಂದ ಸಭಾಂಗಣವನ್ನೇ ನಡುಗಿಸುವುದು. ‘ದಿ ಆಡಿಯನ್ಸ್ ಹಿಟ್ ದ ರೂಫ್’ ಎಂದು ವರದಿಯಲ್ಲಿ ಬರೆದರೆ ಕಾರ್ಯಕ್ರಮ ಗೆದ್ದಿತು ಎಂದಲ್ಲ, ಪ್ರೇಕ್ಷಕರು ರೊಚ್ಚಿಗೆದ್ದರು ಎಂದಾಗುತ್ತದೆ.

‘ಹಿಟ್’ ಭೂತಕಾಲದಲ್ಲೂ ‘ಹಿಟ್’, ‘ಹಿಟೆಡ್’ ಇಲ್ಲ. ನಡುವೆ ‘ಟು’ ಕೂಡ ಬೇಡ. ‘ಮೈ ಫಾದರ್ ಹಿಟ್ ದ ರೂಫ್ ವೆನ್ ಹೀ ಸಾ ದ ಬಿಲ್’ ಅಂದರೆ ಸಾಕು. ಇದು ತಟ್ಟನೆ ಉಕ್ಕುವ ಸಿಟ್ಟಿಗೆ ಮಾತ್ರ. ಮೂರು ದಿನ ಮಾತು ಬಿಟ್ಟು ಮುನಿಸಿಕೊಂಡವರಿಗೆ ಹೊಂದುವುದಿಲ್ಲ. ಅಮೆರಿಕದಲ್ಲಿ ಇದೇ ಅರ್ಥಕ್ಕೆ ‘ಹಿಟ್ ದ ಸೀಲಿಂಗ್’ ಎನ್ನುವುದೂ ಉಂಟು.

‘ಗೋ ಥ್ರೂ ದ ರೂಫ್’ಗೆ ಎರಡು ಅರ್ಥ. ಕರ್ತೃ ಮನುಷ್ಯನಾದರೆ ಸಿಟ್ಟು. ಬೆಲೆ, ಬಾಡಿಗೆ, ಮಾರಾಟ, ಬಿಪಿಯಂಥ ಲೆಕ್ಕಕ್ಕೆ ಸಿಗುವ ಸಂಗತಿಯಾದರೆ ವಿಪರೀತ ಏರಿಕೆ, ನಮ್ಮ ‘ಗಗನಕ್ಕೇರಿತು’ ಇದ್ದಹಾಗೆ. ಏರಿದ್ದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದನ್ನು ಸಂದರ್ಭ ಹೇಳುತ್ತದೆ. ಟೊಮ್ಯಾಟೊ ಕಿಲೋಗೆ 20 ರೂಪಾಯಿಯಿಂದ 24ಕ್ಕೆ ಹೋದರೆ ಈ ಮಾತು ತೀರಾ ಅತಿ. 80 ಮುಟ್ಟಿದರೆ ಧಾರಾಳವಾಗಿ ಅನ್ನಿ. ಈಗಷ್ಟೇ ಏರಿದ ಸುದ್ದಿಗೆ ‘ಹ್ಯಾವ್ ಗಾನ್ ಥ್ರೂ ದ ರೂಫ್’, ಏರಿ ಕೂತಿರುವುದಕ್ಕೆ ಬರೀ ‘ಆರ್ ಥ್ರೂ ದ ರೂಫ್’. ಬೆಲೆಯ ವಿಷಯದಲ್ಲಿ ‘ಸೀಲಿಂಗ್’ ಬಳಸುವಾಗ ಮಾತ್ರ ಹುಷಾರು. ಅಲ್ಲಿ ಅದು ಗರಿಷ್ಠ ಮಿತಿ, ಜಮೀನಿಗೆ ಲ್ಯಾಂಡ್ ಸೀಲಿಂಗ್ ಅನ್ನುತ್ತೇವಲ್ಲ, ಹಾಗೆ. ಸೀಲಿಂಗ್ ಮುಟ್ಟಿದ ಬೆಲೆ ಅಲ್ಲೇ ನಿಂತಿತು, ರೂಫ್ ದಾಟಿದ್ದಕ್ಕೆ ಅಂಕೆಯೇ ಇಲ್ಲ.

ಇವೆಲ್ಲ ಆಡುಮಾತಿನ ಸರಕು. ಆಫೀಸಿನ ವರದಿಯಲ್ಲಿ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಗ್ರಾಫ್ ವಿವರಣೆಯಲ್ಲಿ ‘ರೋಸ್ ಶಾರ್ಪ್ಲಿ’ ಎಂದೇ ಬರೆಯಿರಿ. ‘ರೋಸ್’ ಅಂದಾಗ ನೆನಪಾಯಿತು: ‘ರೇಸ್ ದ ರೂಫ್’ನ ಭೂತಕಾಲ ‘ರೇಸ್ಡ್’, ‘ರೋಸ್ ದ ರೂಫ್’ ತಪ್ಪು.

‘ಶೌಟ್ ಇಟ್ ಫ್ರಮ್ ದ ರೂಫ್‌ಟಾಪ್ಸ್’ ಎಂದರೆ ಊರಿಗೆಲ್ಲ ಸಾರುವುದು. ಮದುವೆ ಗೊತ್ತಾಗಿದ್ದು, ಕೆಲಸ ಸಿಕ್ಕಿದ್ದು, ಹೀಗೆ ಬಹುಪಾಲು ಸಂತೋಷದ ಸುದ್ದಿಗೇ ಬರುತ್ತದೆ. 1611ರ ಕಿಂಗ್ ಜೇಮ್ಸ್ ಬೈಬಲ್‌ನ ಮತ್ತಾಯ 10:27ರಲ್ಲಿ, ಕಿವಿಯಲ್ಲಿ ಕೇಳಿದ್ದನ್ನು ಮಾಳಿಗೆ ಹತ್ತಿ ಸಾರಿರಿ ಎಂಬ ಮಾತಿದೆ. ಅಲ್ಲಿನ ಪದ ‘ಹೌಸ್‌ಟಾಪ್ಸ್’.

‘ಎ ರೂಫ್ ಓವರ್ ಯುವರ್ ಹೆಡ್’ ನಮ್ಮ ‘ತಲೆಯ ಮೇಲೊಂದು ಸೂರು’ ತಾನೇ, ಕಷ್ಟವಿಲ್ಲ. ಆದರೆ ಅದು ಕನಿಷ್ಠ ಅಗತ್ಯದ ಮಾತು. ಸ್ನೇಹಿತರ ಮೂರಂತಸ್ತಿನ ಬಂಗಲೆಯ ಗೃಹಪ್ರವೇಶಕ್ಕೆ ಹೋಗಿ ಹೊಗಳಿಕೆಯೆಂದು ಹೇಳಿದರೆ ಅವರ ಮುಖ ಸಣ್ಣಗಾದೀತು. ‘ಅಂಡರ್ ಒನ್ ರೂಫ್’ ಅಂಗಡಿ, ಸೇವೆಗಳ ಜಾಹೀರಾತಿಗೆ ಒಗ್ಗುತ್ತದೆ. ಒಟ್ಟಿಗೆ ವಾಸಿಸುವವರಿಗೆ ‘ಅಂಡರ್ ದ ಸೇಮ್ ರೂಫ್’ ಸಹಜ. ‘ಅಂಡರ್ ಮೈ ರೂಫ್’ ಕೇಳಿಬಂದರೆ ಮಾತ್ರ ಸಾಮಾನ್ಯವಾಗಿ ಅದು ಬೆಳೆದ ಮಕ್ಕಳಿಗೆ ಹೆತ್ತವರು ಹಾಕುವ ಗದರಿಕೆ: ಈ ಮನೆಯಲ್ಲಿ ಇರುವಷ್ಟು ದಿನ ನಾನು ಹೇಳಿದಂತೆ ನಡೆಯಬೇಕು.