ತಮಿಳುನಾಡು ಇತ್ತಲ್ಲ, ಮತ್ತೆ ಈಳಂ ಯಾಕೆ ಕೇಳಿದರು?

ಶ್ರೀಲಂಕಾದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಇದನ್ನು ಕೇಳೇ ಕೇಳುತ್ತಾರೆ: ‘ತಮಿಳರಿಗೆ ಪಕ್ಕದಲ್ಲೇ ತಮಿಳುನಾಡು ಇತ್ತಲ್ಲ, ಅಲ್ಲಿ ಈಳಂ ಅಂತ ಇನ್ನೊಂದು ದೇಶ ಯಾಕೆ ಬೇಕಿತ್ತು?’ ಕೇಳುವವರ ತಲೆಯಲ್ಲಿ ಇರುವುದು ಎಲ್‌ಟಿಟಿಇಯ ಪ್ರಭಾಕರನ್, ಇಲ್ಲಾ 1991ರ ಶ್ರೀಪೆರಂಬುದೂರು. ಬೆಂಗಳೂರಿನವರಾದರೆ ಕೋಣನಕುಂಟೆಯೂ ನೆನಪಾಗುತ್ತದೆ. ರಾಜೀವ್ ಗಾಂಧಿ ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತು ಅವನ ಜೊತೆಗಾರರು ಅದೇ ವರ್ಷದ ಆಗಸ್ಟ್‌ನಲ್ಲಿ ಸತ್ತಿದ್ದು ಅಲ್ಲಿನ ಒಂದು ಮನೆಯಲ್ಲಿ. ಆದರೆ ಅಲ್ಲಿಂದ ಕತೆ ಶುರು ಮಾಡಿದರೆ ಏನೂ ಅರ್ಥ ಆಗುವುದಿಲ್ಲ.

ಮೊದಲು ತಮಿಳುನಾಡಿನ ವಿಷಯ. ದ್ವೀಪದ ಉತ್ತರದ ಜಾಫ್ನಾ, ಪೂರ್ವದ ಮಟ್ಟಕ್ಕಳಪ್ಪು (ಬ್ಯಾಟಿಕಲೋವಾ) ಕಡೆಯ ತಮಿಳರು ಮೊನ್ನೆ ಮೊನ್ನೆ ಹೋಗಿ ನೆಲೆಸಿದವರಲ್ಲ. 1619ರಲ್ಲಿ ಪೋರ್ಚುಗೀಸರು ಗೆಲ್ಲುವ ತನಕ ಜಾಫ್ನಾದಲ್ಲಿ ತಮಿಳು ಅರಸರೇ ಆಳುತ್ತಿದ್ದರು. ಬ್ರಿಟಿಷರು ಹಡಗಿನಲ್ಲಿ ತುಂಬಿಕೊಂಡು ಹೋಗಿ ಚಹಾ ತೋಟಗಳಲ್ಲಿ ದುಡಿಸಿದ, ಅಲ್ಲಿನ ಬೆಟ್ಟಸೀಮೆಯ ತಮಿಳರು ಬೇರೆ. ಸ್ವಾತಂತ್ರ್ಯ ಬಂದ 1948ರಲ್ಲೇ ಒಂದು ಕಾನೂನು ತಂದು ಅವರಲ್ಲಿ ಬಹುಪಾಲು ಜನರ ಪೌರತ್ವ ಕಿತ್ತುಕೊಂಡರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೋ ಕೂತು, 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕು ಎಂದು ಲೆಕ್ಕ ಹಾಕಿದರು. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದ ಕುಟುಂಬಗಳು ಆ ಲೆಕ್ಕದಲ್ಲಿ ಬಂದವು. ಅವರನ್ನು ನೋಡಿ ‘ಈಳಂ ಕೇಳಿದವರು’ ಅಂದುಕೊಳ್ಳುವವರಿದ್ದಾರೆ. ಅಲ್ಲ. ಈಳಂ ಕೇಳಿದ್ದು ದ್ವೀಪದ ಉತ್ತರ ಮತ್ತು ಪೂರ್ವ ಭಾಗಕ್ಕೆ. ತೋಟದ ಕಾರ್ಮಿಕರ ನಾಯಕ ತೊಂಡಮಾನ್ ಆ ಬೇಡಿಕೆಯ ಜೊತೆಗೆ ನಿಲ್ಲಲಿಲ್ಲ. ತಮಿಳು ಆಡಿದ ಮಾತ್ರಕ್ಕೆ ಎಲ್ಲರದೂ ಒಂದೇ ಹಿತ ಅನ್ನುವುದೂ ಸುಳ್ಳು. ಇವತ್ತು ಜಾಫ್ನಾದ ಮೀನುಗಾರರ ದೊಡ್ಡ ದೂರು ರಾಮೇಶ್ವರದ ಕಡೆಯಿಂದ ಬಂದು ಕಡಲು ಗುಡಿಸುವ ಟ್ರಾಲರ್‌ಗಳ ಮೇಲೆಯೇ ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈಳಂ ಅವರ ಮೊದಲ ಬೇಡಿಕೆ ಆಗಿರಲಿಲ್ಲ. ಎಲ್ಲ ಕೇಳಿ ಮುಗಿದ ಮೇಲಿನ ಬೇಡಿಕೆ. ಅದಕ್ಕೂ ಮೊದಲು ಕಾಲು ಶತಮಾನ ಅವರು ಕೇಳಿದ್ದು, ನಮಗೆ 1956ರಲ್ಲಿ ಸಿಕ್ಕಿದ್ದನ್ನೇ.

1956 ಅಂದರೆ ನಮಗೆ ಏಕೀಕರಣ. ನವೆಂಬರ್ 1ಕ್ಕೆ ಚದುರಿಹೋಗಿದ್ದ ಕನ್ನಡದ ಸೀಮೆಗಳು ಒಂದು ರಾಜ್ಯವಾದವು. ಅದೇ ವರ್ಷ ಜೂನ್‌ನಲ್ಲಿ ಸಿಲೋನ್ (ಶ್ರೀಲಂಕಾದ ಆಗಿನ ಹೆಸರು) ಸಂಸತ್ತು ಸಿಂಹಳ ಒಂದೇ ಆಡಳಿತ ಭಾಷೆ ಎಂಬ ಮಸೂದೆ ಪಾಸು ಮಾಡಿತು. ಗೆದ್ದರೆ 24 ಗಂಟೆಯಲ್ಲಿ ಸಿಂಹಳ ತರುತ್ತೇನೆ ಎಂದು ವೋಟು ಕೇಳಿ ಪ್ರಧಾನಿಯಾದ ಬಂಡಾರನಾಯಕೆ ಓದಿದ್ದು ಆಕ್ಸ್‌ಫರ್ಡ್‌ನಲ್ಲಿ. ದೇಶದ ಕಾಲು ಭಾಗಕ್ಕೂ ಜಾಸ್ತಿ ಜನರ ಮನೆಮಾತು ತಮಿಳು. ಅವರಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು ಸಿಂಹಳ ಕಲಿಯಬೇಕು, ಇಲ್ಲಾ ಮನೆಗೆ ಹೋಗಬೇಕು. ಇತ್ತ ನಮ್ಮಲ್ಲಿ ಪ್ರತ್ಯೇಕ ದ್ರಾವಿಡ ನಾಡು ಕೇಳುತ್ತಿದ್ದ ಡಿಎಂಕೆ 1963ರ ಹೊತ್ತಿಗೆ ಆ ಬೇಡಿಕೆ ಕೈಬಿಟ್ಟಿತು. 1967ರಲ್ಲಿ ಅಣ್ಣಾದೊರೈ ಮುಖ್ಯಮಂತ್ರಿಯೂ ಆದರು. ಅವರಿಗೆ ಕೂರಲು ಒಂದು ವಿಧಾನಸಭೆ ಇತ್ತು. ಜಾಫ್ನಾದವರಿಗೆ ಅದು ಇರಲಿಲ್ಲ.

ಆ ವಿಧಾನಸಭೆಯಂಥದ್ದನ್ನು ಕೇಳಿಕೊಂಡೇ ಬದುಕು ಕಳೆದವರು ಎಸ್.ಜೆ.ವಿ. ಚೆಲ್ವನಾಯಕಂ. ವಕೀಲರು, ಕ್ರೈಸ್ತರು, ಮೆಲುದನಿಯ ಮನುಷ್ಯ. ಬಹುಪಾಲು ಹಿಂದೂಗಳಾದ ಜಾಫ್ನಾದ ಜನ ಅವರನ್ನು ತಂದೈ ಚೆಲ್ವಾ ಎಂದು ಕರೆಯುತ್ತಿದ್ದರು. 1949ರಲ್ಲಿ ಅವರು ಕಟ್ಟಿದ ಪಕ್ಷದ ಬೇಡಿಕೆ ಒಕ್ಕೂಟ ವ್ಯವಸ್ಥೆ, ದಾರಿ ಸತ್ಯಾಗ್ರಹ. ಸಿಂಹಳ ಮಸೂದೆ ಬಂದ ದಿನ ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಸತ್ಯಾಗ್ರಹ ಕೂತರು, ಗುಂಪೊಂದು ಬಂದು ಹೊಡೆಯಿತು. ಆದರೂ ಮುಂದಿನ ವರ್ಷ ಬಂಡಾರನಾಯಕೆ ಜೊತೆ ಒಪ್ಪಂದ ಆಯಿತು: ಪ್ರಾದೇಶಿಕ ಮಂಡಳಿಗಳು, ಉತ್ತರ ಪೂರ್ವದಲ್ಲಿ ತಮಿಳಿನಲ್ಲಿ ಆಡಳಿತ. ಅಷ್ಟೇ. ವಿರೋಧ ಪಕ್ಷದ ಜೆ.ಆರ್. ಜಯವರ್ಧನೆ ಅದರ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರ ಏಪ್ರಿಲ್‌ನಲ್ಲಿ ಬೌದ್ಧ ಭಿಕ್ಷುಗಳು ಪ್ರಧಾನಿಯ ಮನೆ ಮುಂದೆ ಧರಣಿ ಕೂತರು. ಪ್ರಧಾನಿ ಒಪ್ಪಂದ ರದ್ದು ಎಂದು ಬರೆದುಕೊಟ್ಟರು. ಮರು ತಿಂಗಳೇ ತಮಿಳರ ವಿರುದ್ಧ ಗಲಭೆ. ಮಾರನೇ ವರ್ಷ ಬಂಡಾರನಾಯಕೆಯವರನ್ನು ಗುಂಡಿಟ್ಟು ಕೊಂದಿದ್ದೂ ಒಬ್ಬ ಭಿಕ್ಷುವೇ. 1965ರಲ್ಲಿ ಆಗಿನ ಪ್ರಧಾನಿ ಡಡ್ಲಿ ಸೇನಾನಾಯಕೆ ಜೊತೆ ಇನ್ನೊಂದು ಒಪ್ಪಂದ ಆಯಿತು. ಅದೂ ನಡೆಯಲಿಲ್ಲ.

ನನಗೆ ಯಾವಾಗಲೂ ಸೋಜಿಗ ಅನ್ನಿಸುವುದು ಕೊಲ್ವಿನ್ ಆರ್. ಡಿಸಿಲ್ವಾ ವಿಷಯ. ಒಂದೇ ಭಾಷೆ ಅಂದರೆ ಎರಡು ದೇಶವಾಗುತ್ತದೆ, ಎರಡು ಭಾಷೆ ಇಟ್ಟುಕೊಂಡರೆ ಒಂದೇ ದೇಶ ಉಳಿಯುತ್ತದೆ ಎಂದು 1956ರಲ್ಲಿ ಸಂಸತ್ತಿನಲ್ಲಿ ಎಚ್ಚರಿಸಿದ ಎಡಪಂಥೀಯ ಅವರು. 1972ರ ಹೊಸ ಸಂವಿಧಾನ ತಂದ ಮಂತ್ರಿಯೂ ಅವರೇ! ಅದರಲ್ಲಿ ಸಿಂಹಳಕ್ಕೆ ಇನ್ನಷ್ಟು ಗಟ್ಟಿ ಜಾಗ ಸಿಕ್ಕಿತು, ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಸಿಕ್ಕಿತು, ಅಲ್ಪಸಂಖ್ಯಾತರಿಗಿದ್ದ ಹಳೆಯ ರಕ್ಷಣೆಯ ಕಲಮು ಬಿದ್ದುಹೋಯಿತು. ಅದೇ ಹೊತ್ತಿಗೆ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ತಮಿಳು ಮಾಧ್ಯಮದವರು ಸಿಂಹಳ ಮಾಧ್ಯಮದವರಿಗಿಂತ ಜಾಸ್ತಿ ಅಂಕ ತೆಗೆಯಬೇಕು ಎಂಬ ಪದ್ಧತಿಯೂ ಬಂತು. ಜಾಫ್ನಾದಲ್ಲಿ ಓದು ಬಿಟ್ಟರೆ ಬೇರೆ ದಾರಿ ಕಮ್ಮಿ. ಹುಡುಗರಿಗೆ ಹಿರಿಯರ ಸತ್ಯಾಗ್ರಹದ ಮೇಲಿದ್ದ ನಂಬಿಕೆ ಹೋಯಿತು.

1976ರ ಮೇ 14ರಂದು ಜಾಫ್ನಾ ಬಳಿಯ ವಟ್ಟುಕೋಟ್ಟೈ ಸಮಾವೇಶದಲ್ಲಿ ಪ್ರತ್ಯೇಕ ತಮಿಳು ಈಳಂ ನಿರ್ಣಯ ಆಯಿತು. ಅಧ್ಯಕ್ಷತೆ ಇದೇ ಚೆಲ್ವನಾಯಕಂ ಅವರದು. ಮರುವರ್ಷ ಅವರು ತೀರಿಕೊಂಡರು. ತಮಿಳು ಪಕ್ಷಗಳನ್ನು ಸೇರಿಸಿ ಕಟ್ಟಿದ್ದ ಅವರ ಕೂಟ ಟಿಯುಎಲ್‌ಎಫ್ ಈಳಂ ಹೆಸರಲ್ಲೇ ವೋಟು ಕೇಳಿ 18 ಸ್ಥಾನ ಗೆದ್ದಿತು. ಅದರ ಮುಖಂಡ ಅಮೃತಲಿಂಗಂ ದೇಶದ ವಿರೋಧ ಪಕ್ಷದ ನಾಯಕರಾದರು. ಅಂದರೆ ಈಳಂ ಬೇಡಿಕೆ ಕಾಡಿನಿಂದ ಬಂದಿದ್ದಲ್ಲ, ವೋಟಿನ ಪೆಟ್ಟಿಗೆಯಿಂದ ಬಂದಿದ್ದು.

ಮುಂದಿನದು ಬಹಳ ಜನರಿಗೆ ಗೊತ್ತಿದೆ. 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟರು, 97 ಸಾವಿರದಷ್ಟು ಪುಸ್ತಕ ಬೂದಿ. 1983ರ ಜುಲೈನಲ್ಲಿ ಹುಲಿಗಳು, ಅಂದರೆ ಪ್ರಭಾಕರನ್‌ನ ಎಲ್‌ಟಿಟಿಇಯವರು, 13 ಸೈನಿಕರನ್ನು ಕೊಂದರು. ಅದಕ್ಕೆ ಸೇಡಾಗಿ ಕೊಲಂಬೊದಲ್ಲಿ ಸಿಂಹಳ ಗುಂಪುಗಳು ಮತದಾರರ ಪಟ್ಟಿ ಹಿಡಿದು ತಮಿಳರ ಮನೆ ಹುಡುಕಿ ದಾಳಿ ಮಾಡಿದವು. ಆಗಸ್ಟ್‌ನಲ್ಲಿ, ಪ್ರತ್ಯೇಕತೆ ಬೇಡ ಎಂದು ಪ್ರಮಾಣ ಮಾಡಬೇಕು ಎಂಬ ತಿದ್ದುಪಡಿ ತಂದರು. ಟಿಯುಎಲ್‌ಎಫ್ ಸದಸ್ಯರು ಒಪ್ಪಲಿಲ್ಲ, ಸ್ಥಾನ ಕಳೆದುಕೊಂಡರು. ಮಾತಾಡುವವರು ಹೊರಗೆ ಹೋದರು, ಬಂದೂಕಿನವರು ಉಳಿದರು.

ಇಲ್ಲಿಂದ ಮುಂದೆ ನನ್ನ ಸಹಾನುಭೂತಿ ಒಂದೇ ಕಡೆಗೆ ನಿಲ್ಲುವುದಿಲ್ಲ. 1987ರಲ್ಲಿ ರಾಜೀವ್ ಗಾಂಧಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವರು, ಹಿಂದೆ ಕ್ಯಾಂಡಿಗೆ ಪಾದಯಾತ್ರೆ ಹೊರಟಿದ್ದ, ಈಗ ಅಧ್ಯಕ್ಷರಾಗಿದ್ದ ಅದೇ ಜಯವರ್ಧನೆ. ಪ್ರಾಂತೀಯ ಮಂಡಳಿ, ತಮಿಳಿಗೂ ಆಡಳಿತ ಭಾಷೆಯ ಸ್ಥಾನ. 30 ವರ್ಷ ತಡವಾಗಿ, ಅರೆಬರೆಯಾಗಿ, ಚೆಲ್ವನಾಯಕಂ ಕೇಳಿದ್ದು ಬಂತು. ಪ್ರಭಾಕರನ್‌ಗೆ ಅದು ಬೇಡವಾಗಿತ್ತು. ಒಪ್ಪಂದ ಕಾಯಲು ಹೋಗಿದ್ದ ಭಾರತದ ಸೈನ್ಯದ ಜೊತೆಗೇ ಯುದ್ಧ ಆಯಿತು. 1989ರಲ್ಲಿ ಅಮೃತಲಿಂಗಂ ಅವರನ್ನು ಕೊಲಂಬೊದ ಮನೆಗೇ ಬಂದು ಹುಲಿಗಳು ಕೊಂದರು. ಅಧಿಕಾರ ಹಂಚಿಕೆಯ ಕರಡು ಪ್ರಸ್ತಾವಕ್ಕಾಗಿ ದುಡಿಯುತ್ತಿದ್ದ ವಕೀಲ ನೀಲನ್ ತಿರುಚೆಲ್ವಂ 1999ರಲ್ಲಿ ಹುಲಿಗಳ ಆತ್ಮಹತ್ಯಾ ಬಾಂಬಿಗೆ ಬಲಿಯಾದರು. ಇಬ್ಬರೂ ತಮಿಳರು. ಮಧ್ಯೆ 1990ರ ಅಕ್ಟೋಬರ್‌ನಲ್ಲಿ ಹುಲಿಗಳು ಉತ್ತರ ಪ್ರಾಂತ್ಯದ ಮುಸ್ಲಿಮರನ್ನು, 70 ಸಾವಿರಕ್ಕೂ ಹೆಚ್ಚು ಜನರನ್ನು, ಹೊರದಬ್ಬಿದರು. ಜಾಫ್ನಾ ಪಟ್ಟಣದವರಿಗೆ ಕೊಟ್ಟ ಗಡುವು ಕೆಲವೇ ಗಂಟೆ. ಅವರ ಮನೆಮಾತೂ ತಮಿಳೇ ಅಲ್ವಾ? ಭಾಷೆಗಾಗಿ ಹುಟ್ಟಿದ ಚಳವಳಿ ಅದೇ ಭಾಷೆಯವರನ್ನು ಓಡಿಸಿದ್ದಕ್ಕೆ ನಾನು ಯಾವ ಸಮರ್ಥನೆಯನ್ನೂ ಕೇಳಲು ತಯಾರಿಲ್ಲ.

2009ರ ಮೇನಲ್ಲಿ ಮುಳ್ಳಿವಾಯ್ಕಾಲ್‌ನ ಕಡಲ ತೀರದಲ್ಲಿ ಹುಲಿಗಳು ಸೋತು ಯುದ್ಧ ಮುಗಿಯಿತು. ಆ ಕೊನೆಯ ಹಂತದಲ್ಲಿ 40 ಸಾವಿರದಷ್ಟು ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಸೈನ್ಯದ ಶೆಲ್ ಬೀಳುತ್ತಿತ್ತು, ಜನ ತಪ್ಪಿಸಿಕೊಳ್ಳದಂತೆ ಹುಲಿಗಳು ತಡೆಯುತ್ತಿದ್ದರು.

‘ಹಾಗಾದರೆ ಈಗ?’ ಎಂದೂ ಕೇಳುತ್ತಾರೆ. ಈಳಂ ಘೋಷಣೆ ಈಗ ಹೆಚ್ಚಾಗಿ ಹೊರದೇಶಗಳಲ್ಲಿ ನೆಲೆಸಿದ ತಮಿಳರ ನಡುವೆ ಕೇಳಿಸುತ್ತದೆ. ಉತ್ತರದಲ್ಲಿ ಜನ ಕೇಳುವುದು ಸೈನ್ಯ ಹಿಡಿದಿಟ್ಟ ಜಮೀನು, ಕಾಣೆಯಾದ ಮಕ್ಕಳ ಸುದ್ದಿ. ಚೆಲ್ವನಾಯಕಂ ಕಟ್ಟಿದ ಪಕ್ಷ ಮತ್ತೆ ಒಕ್ಕೂಟ ವ್ಯವಸ್ಥೆ ಎನ್ನುತ್ತಿದೆ. ಅದನ್ನು ಕೇಳುವುದು ಪ್ರತ್ಯೇಕತಾವಾದ ಅಲ್ಲ ಎಂದು ಶ್ರೀಲಂಕಾದ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಉತ್ತರ ಪ್ರಾಂತೀಯ ಮಂಡಳಿಗೆ 2013ರಲ್ಲಿ ಚುನಾವಣೆ ನಡೆದಿತ್ತು. 2018ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ, ಕೊಲಂಬೊದಿಂದ ನೇಮಕವಾದ ಗವರ್ನರ್‌ಗಳೇ ಆಡಳಿತ ನಡೆಸಿಕೊಂಡು ಬಂದಿದ್ದಾರೆ.