ಕಂಸದೊಳಗೆ ಸೊನ್ನೆ ಯಾವಾಗ?

1990ರ ಮಳೆಗಾಲದ ಒಂದು ರಾತ್ರಿ, ಎಸ್ಸೆಸ್ಸಿ (ಹತ್ತನೇ ಕ್ಲಾಸು) ಮುಗಿಸಿ ನಾಲ್ಕು ವರ್ಷವಾದ ಮೇಲೆ, ಮತ್ತೆ ಮುಂಬಯಿಯ ನಮ್ಮ ರಾತ್ರಿ ಶಾಲೆಯ ಮೆಟ್ಟಿಲು ಹತ್ತಿದೆ. ಕಂಕುಳಲ್ಲಿ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪುಸ್ತಕ. ಇಂಜಿನಿಯರಿಂಗಿನ ಮೊದಲ ಟರ್ಮ್ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಐದು ಬಂದಿತ್ತು. ಫೋರ್ಟಿನ ಕ್ಯಾಂಟೀನಿನಲ್ಲಿ ಬೆಳಗಿನ ಪಾಳಿ ಮುಗಿಸಿ ಕಾಲೇಜಿಗೆ ಓಡುವ ನನಗೆ ಕ್ಲಾಸಿನಲ್ಲಿ ಕೈ ಎತ್ತಿ ಕೇಳುವ ಧೈರ್ಯವಿರಲಿಲ್ಲ. ಕೇಳಬಹುದಾದವರು ಒಬ್ಬರೇ, ನಮ್ಮ ಗಣಿತದ ಮಾಸ್ತರರು.

ಹಗಲಿಡೀ ಬ್ಯಾಂಕಿನಲ್ಲಿ ಲೆಕ್ಕ ಬರೆದು ಸಂಜೆ ಆರೂವರೆಗೆ ನಮ್ಮೆದುರು ನಿಲ್ಲುತ್ತಿದ್ದವರು ಅವರು. ಇಲೆಕ್ಟ್ರಾನಿಕ್ಸ್ ಓದಿದವರಲ್ಲ. ನಾನು ತೋರಿಸಿದ ಪುಟವನ್ನು ಎರಡು ಸಲ ಓದಿ, "ಇದು ಗ್ರಾಫೇ ಅಲ್ವನಾ? ಕೂತ್ಕೋ, ನೋಡುವಾ" ಅಂದರು. ಹಗಲು ಪುಟ್ಟ ಮಕ್ಕಳು ಕೂರುವ ಬೆಂಚು ಅದು, ಮೊಣಕಾಲು ಮೇಜಿಗೆ ತಾಗುತ್ತಿತ್ತು.

ನನ್ನ ಗೊಂದಲ ಇಷ್ಟು. ಎಕ್ಸ್(ಟಿ) ಒಂದು ಸಿಗ್ನಲ್, ಅಂದರೆ ಹೊತ್ತು ಸರಿದಂತೆ ಬದಲಾಗುವ ಬೆಲೆ; ಟಿ ಅಂದರೆ ಸಮಯ. ಎಕ್ಸ್(ಟಿ − 2) ಅಂದರೆ ಅದೇ ಸಿಗ್ನಲ್ ಎರಡು ಸೆಕೆಂಡು ತಡವಾದದ್ದು, ಗ್ರಾಫಿನಲ್ಲಿ ಬಲಕ್ಕೆ ಸರಿದದ್ದು. ಕಳೆದರೆ ಎಡಕ್ಕೆ ಹೋಗಬೇಕಲ್ಲ, ಬಲಕ್ಕೆ ಯಾಕೆ? ಬಾಯಿಪಾಠ ಮಾಡಿದ್ದೆ, ಮನಸ್ಸು ಒಪ್ಪಿರಲಿಲ್ಲ.

ಮಾಸ್ತರರು ದಿನಾ ಚರ್ಚ್‌ಗೇಟಿನಿಂದ ಲೋಕಲ್ ಹಿಡಿಯುವವರು. "ಗಾಡಿ ಹತ್ತು ನಿಮಿಷ ಲೇಟು ಅಂತ ಇಟ್ಕೋ. ಈಗ ಗಂಟೆ ಎಂಟೂವರೆ. ಗಾಡಿ ಎಲ್ಲಿ ಉಂಟು ಅಂತ ಗೊತ್ತಾಗ್ಬೇಕಾದ್ರೆ ಟೈಮ್‌ಟೇಬಲಿನಲ್ಲಿ ಎಷ್ಟು ಗಂಟೆಯ ಸಾಲು ನೋಡ್ತಿ?"

"ಎಂಟು ಇಪ್ಪತ್ತರದ್ದು ಸರ್."

"ಕಳೆದಿಯಲ್ಲ? ಗಾಡಿ ತಡವಾದದ್ದಕ್ಕೇ ಕಳೆದದ್ದು."

ಮರೀನ್ ಲೈನ್ಸ್, ಚರ್ನಿ ರೋಡ್, ಗ್ರ್ಯಾಂಟ್ ರೋಡ್, ಎಲ್ಲ ನಿಲ್ದಾಣಗಳೂ ಇದ್ದ ಕ್ರಮದಲ್ಲೇ ಇವೆ, ನಡುವಿನ ಅಂತರವೂ ಹಾಗೆಯೇ ಇದೆ, ಗಡಿಯಾರದ ಮೇಲೆ ಮಾತ್ರ ಇಡೀ ಪ್ರಯಾಣ ಹತ್ತು ನಿಮಿಷ ಆಚೆಗೆ ಜರುಗಿದೆ. ಆ ಕ್ಷಣದಲ್ಲಿ ನನ್ನೊಳಗೆ ಏನೋ ಗಂಟು ಬಿಚ್ಚಿಕೊಂಡಿತು. ಇವತ್ತಿಗೂ ಟೈಮ್ ಶಿಫ್ಟಿಂಗನ್ನು, ಅಂದರೆ ಸಿಗ್ನಲನ್ನು ಸಮಯದ ಮೇಲೆ ಸರಿಸುವುದನ್ನು, ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ.

ಎಕ್ಸ್(−ಟಿ), ಅಂದರೆ ಸಮಯವನ್ನೇ ಹಿಂದುಮುಂದು ಮಾಡುವ ಟೈಮ್ ರಿವರ್ಸಲ್, ವಾಪಸು ಬರುವ ಗಾಡಿಯಾ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ವಾಪಸು ಬರುವ ಗಾಡಿಗೂ ಗಡಿಯಾರ ಮುಂದಕ್ಕೇ ಓಡುತ್ತದೆ. ಕಾರಿಡಾರಿನಲ್ಲಿ ತೂಗುಹಾಕಿದ್ದ ಕಂಚಿನ ಗಂಟೆ ತೋರಿಸಿದರು. ಬಡಿದ ಕೂಡಲೇ ಜೋರು ಸದ್ದು, ಆಮೇಲೆ ನಿಧಾನ ಕ್ಷೀಣಿಸಿ ಮೌನ. ಅದನ್ನು ಟೇಪಿನಲ್ಲಿ ಹಿಡಿದು ತಿರುವುಮುರುವಾಗಿ ಓಡಿಸಿದರೆ ಮೌನದಿಂದ ಸದ್ದು ಹುಟ್ಟಿ, ಏರಿ ಏರಿ, ಬಡಿದ ಕ್ಷಣಕ್ಕೆ ಬಂದು ಥಟ್ಟನೆ ಕಡಿದುಹೋಗುತ್ತದೆ. ಮೊದಲು ಹಿಡಿದಿಡದೆ ತಿರುಗಿಸಲು ಬರುವುದಿಲ್ಲ ಎಂದೂ ಅವರೇ ಹೇಳಿದರು.

ಟೆಸ್ಟಿನಲ್ಲಿ ನಾನು ಮುಗ್ಗರಿಸಿದ್ದು ಸರಿಸುವುದು, ತಿರುಗಿಸುವುದು ಎರಡೂ ಸೇರಿದ ಲೆಕ್ಕದಲ್ಲಿ. ಸಿಗ್ನಲ್ ಸೊನ್ನೆಯಿಂದ ಹೊರಟು ಓರೆಯಾಗಿ ಏರಿ, ಟಿ 3 ಆದಾಗ 3ರ ಎತ್ತರ ಮುಟ್ಟಿ, ಅಲ್ಲೇ ಕಡಿದುಬೀಳುತ್ತದೆ. ಎಕ್ಸ್(2 − ಟಿ) ಬರೆಯಬೇಕು. ನಾನು ಮೊದಲು ತಿರುಗಿಸಿದ್ದೆ, ಆಮೇಲೆ ಕೂಡಿಸಿದ 2 ಕಂಡು ಎಡಕ್ಕೆ ತಳ್ಳಿದ್ದೆ. ಚಿತ್ರ −5ರಿಂದ −2ರವರೆಗೆ ಹೋಗಿ ಕೂತಿತ್ತು.

ಮಾಸ್ತರರು ನಿಯಮ ಹೇಳಲಿಲ್ಲ, ಬ್ಯಾಂಕಿನ ಹಳೆಯ ಸ್ಲಿಪ್ಪಿನ ಹಿಂಬದಿಯಲ್ಲಿ ಅಕ್ಷ ಎಳೆದರು. "ಕಂಸದ ಒಳಗಿನದ್ದು ಸೊನ್ನೆ ಆಗೋದು ಯಾವಾಗ?" ಟಿ 2 ಆದಾಗ. ಅಲ್ಲೊಂದು ಚುಕ್ಕಿ. "ಮೂರು ಆಗೋದು?" ಟಿ −1 ಆದಾಗ. ಅಲ್ಲಿ 3ರ ಎತ್ತರಕ್ಕೆ ಇನ್ನೊಂದು ಚುಕ್ಕಿ. ಗೆರೆ ಎಳೆದರೆ −1ರಲ್ಲಿ ಗೋಡೆಯಂತೆ ಎದ್ದು 2ರ ಹೊತ್ತಿಗೆ ಇಳಿದು ನೆಲ ಸೇರುವ ಚಿತ್ರ, ಥೇಟ್ ನಮ್ಮ ಗಂಟೆಯ ಸದ್ದು! ತಿರುಗಿಸಿದ ಮೇಲೆ ಸರಿಸುವುದಾದರೆ ಬಲಕ್ಕೆ 2. ಮೊದಲೇ ಸರಿಸುವುದಾದರೆ ಎಡಕ್ಕೆ 2, ಆಮೇಲೆ ತಿರುಗಿಸು. ಎರಡು ದಾರಿ, ಒಂದೇ ಚಿತ್ರ. ದಾರಿ ಮರೆತರೂ ಆ ಪ್ರಶ್ನೆ ನೆನಪಿದ್ದರೆ ಸಾಕಿತ್ತು.

ಪರೀಕ್ಷೆ ಪಾಸಾದೆ, ಅದೇನು ದೊಡ್ಡ ಮಾತಲ್ಲ. ಪ್ರಶ್ನೆ ಮತ್ತೆ ಎದುರಾದದ್ದು ಕೆಲಸಕ್ಕೆ ಸೇರಿದ ಮೇಲೆ. ಅಲ್ಟ್ರಾಸೌಂಡ್ (ಕಿವಿಗೆ ಕೇಳದಷ್ಟು ಎತ್ತರದ ಸ್ವರದ ಸದ್ದು) ಬಿಟ್ಟು ಉಕ್ಕಿನ ಒಳಗಿನ ಬಿರುಕು ಹುಡುಕುವುದು ನಮ್ಮ ಕಸುಬು. ಉಕ್ಕಿನಲ್ಲಿ ಆ ಸದ್ದು ಸೆಕೆಂಡಿಗೆ ಸುಮಾರು 5,900 ಮೀಟರ್ ಹೋಗುತ್ತದೆ. ಮಾರ್ದನಿ 20 ಮೈಕ್ರೊಸೆಕೆಂಡು ತಡವಾಗಿ ಬಂದರೆ ಬಿರುಕು ಹೆಚ್ಚುಕಡಿಮೆ 59 ಮಿಲಿಮೀಟರ್ ಆಳದಲ್ಲಿದೆ ಎಂದರ್ಥ, ಹೋಗಿಬರುವ ದಾರಿಯಾದ್ದರಿಂದ ಅರ್ಧ ಮಾಡಬೇಕು. ಲೇಟಾದ ಲೋಕಲಿನ ಲೆಕ್ಕವೇ ಅದು.

ಗದ್ದಲದಲ್ಲಿ ಮುಳುಗಿದ ಮಾರ್ದನಿಯನ್ನು ಹೆಕ್ಕಲು ಮ್ಯಾಚ್ಡ್ ಫಿಲ್ಟರ್, ಅಂದರೆ ಕಳಿಸಿದ ಸದ್ದಿಗೇ ಹೊಂದಿಸಿದ ಸೋಸುಕ, ಬಳಸುತ್ತೇವೆ. ಕಳಿಸಿದ ಸದ್ದನ್ನೇ ತಿರುವುಮುರುವು ಮಾಡಿ ಫಿಲ್ಟರಿಗೆ ತುಂಬಬೇಕು. ಫಿಲ್ಟರು ತನ್ನೊಳಗೆ ತುಂಬಿದ್ದನ್ನು ತಾನಾಗಿಯೇ ಒಮ್ಮೆ ತಿರುಗಿಸಿ, ಬಂದ ಸದ್ದಿನೊಡನೆ ಗುಣಿಸಿ ಕೂಡುತ್ತದೆ, ನಾವೂ ತಿರುಗಿಸಿದ್ದರೆ ಎರಡೂ ಸೇರಿ ನೆಟ್ಟಗಾಗುತ್ತದೆ. ಏರುವ ಸ್ವರದ 64 ಸ್ಯಾಂಪಲ್‌ಗಳನ್ನು (ಸಮ ಅಂತರದಲ್ಲಿ ಅಳೆದ ಬೆಲೆಗಳನ್ನು) ನಾನು ಇದ್ದಂತೆಯೇ ತುಂಬಿಬಿಟ್ಟೆ. ತೆರೆಯ ಮೇಲೆ ಚೂಪು ಶಿಖರ ಬರಬೇಕಾದಲ್ಲಿ ಹರಡಿಹೋದ ದಿಬ್ಬ. ಮೂರು ದಿನ ಸರ್ಕ್ಯೂಟಿನಲ್ಲಿ ದೋಷ ಹುಡುಕಿದೆ. ನಾಲ್ಕನೇ ದಿನ ರೈಲಿನಲ್ಲಿ ನಿಂತಿರುವಾಗ ಕಂಸದೊಳಗಿನ ಸೊನ್ನೆ ಕೇಳುವ ಮಾಸ್ತರರ ದನಿ ಕಿವಿಯಲ್ಲಿ ಕೇಳಿತು. ನಾನು ತಿರುಗಿಸಿಯೇ ಇರಲಿಲ್ಲ. ಬರಿದೆ ತಿರುಗಿಸಿದರೆ ಫಿಲ್ಟರು ಸದ್ದು ಬರುವ ಮೊದಲೇ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ತಿರುಗಿಸಿ, ಬಲಕ್ಕೂ ಸರಿಸಬೇಕು: ಎಸ್(63 − ಕೆ). ಎಸ್ ಅಂದರೆ ಕಳಿಸಿದ ಸದ್ದು, ಕೆ ಅಂದರೆ 0ರಿಂದ 63ರವರೆಗಿನ ಸ್ಯಾಂಪಲ್ ಸಂಖ್ಯೆ. ಟೆಸ್ಟಿನ ಅದೇ ಲೆಕ್ಕ.

ಆ ಶನಿವಾರವೇ ಶಾಲೆಗೆ ಹೋದೆ. ಮಾಸ್ತರರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿದರು.

"ಒಳಗೆ ಸೊನ್ನೆ ಯಾವಾಗ?"

"ಕೆ 63 ಆದಾಗ ಸರ್."

"ಹಾಗಾದ್ರೆ ಸರಿ ಉಂಟು" ಎಂದು ನನ್ನ ಕೈಯಿಂದ ಚಾಕ್ ತೆಗೆದುಕೊಂಡು ಎಂಟನೇ ಕ್ಲಾಸಿನತ್ತ ನಡೆದರು.